ಬೊಡ್ಡಂ ಬಾವಿಯ ಗಂಗವ್ವನಿಗೆ

ಗಂಗವ್ವಾ, ನಿನ್ನ ಪರಿಚಯ ನನಗಾದದ್ದು ನಮ್ಮ ಎರಿ ಹೊಲದ ಬಾವಿಯಲ್ಲಿ. ಅಲ್ಲಿಂದಲೇ ಹೇಳಿಕೊಳ್ಳುತ್ತೇನೆ. ಬಸವನ ಬಾಗೇವಾಡಿಯ ಆಚೆಗಿನ ನಮ್ಮೂರಲ್ಲಿ ಬಾಣಂತಿ ಮೊದಲ ಸಲ ನೀರಿಗೆ ಹೋದಾಗ, ಹೊಸ ಸೊಸೆ ಮನೆ ತುಂಬಿದಾಗ, ಬೋರು ಹಾಕಿಸಿ ನೀರು ಬಿದ್ದಾಗ, ಅವ್ವ ನೀರಿನ ದಂಡೆಗೆ ಐದು ಕಲ್ಲು ತೊಳೆದು ಇಡುತ್ತಿದ್ದಳು. ವಿಭೂತಿ ಹಚ್ಚಿ, ಅರಿಷಿಣ ಕುಂಕುಮ ಏರಿಸಿ, ಎಲೆ ಅಡಿಕೆ ಇಟ್ಟು, ಗುಗ್ಗರಿ ಎಡೆ ಮಾಡಿ ಕೈ ಮುಗಿಯುತ್ತಿದ್ದಳು. ಮಂತ್ರ ಗಿಂತ್ರ ಇರಲಿಲ್ಲ. "ತಣ್ಣಗಿರವ್ವಾ, ನಮ್ಮನ್ನೂ ತಣ್ಣಗಿಡು" ಅನ್ನುವಳು, ಅಷ್ಟೇ. ಐದೂ ಕಲ್ಲು ಕರಿ ಕಲ್ಲು. ನಮ್ಮ ನೆಲದಲ್ಲಿ ಬೇರೆ ಬಣ್ಣದ ಕಲ್ಲು ಎಲ್ಲಿ ಸಿಗಬೇಕು?

ಅವ್ವ ಇನ್ನೊಂದು ಮಾತು ಹೇಳುತ್ತಿದ್ದಳು. "ಒಬ್ಬರ ಬಾವಿ ನೀರ ಕುಡದ್ರ ಅವರ ಹೆಸರ ಕೇಳಿ ಬರಬೇಕ ಮಗಳ. ಇಲ್ಲಂದ್ರ ಆ ಋಣ ಹೆಗಲ ಮ್ಯಾಲ ಕುಂತಿರತದ."

ತಾಯೀ, ನಾನು ಇಪ್ಪತ್ತಾರು ದಿನ ಒಬ್ಬರ ಬಾವಿಯ ನೀರು ಕುಡಿದು ಅವರ ಹೆಸರು ಕೇಳದೆ ಬಂದಿದ್ದೇನೆ. ಅದನ್ನು ನಿನ್ನ ಮುಂದೆ ಇಡಲು ಇವತ್ತು ಕೂತಿದ್ದೇನೆ.

2013ರ ಮೇ ತಿಂಗಳು. ನನ್ನ ಗಂಡ ಮೂವತ್ತು ವರ್ಷ ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ದುಡಿದು, ನಿವೃತ್ತಿಯ ದುಡ್ಡಿನಲ್ಲಿ ಮೂವತ್ತೆಂಟು ಅಡಿಯ ಹಳೆಯ ಹಾಯಿದೋಣಿ ಕೊಂಡಿದ್ದರು. ಕೊಚ್ಚಿಯಿಂದ ಹೊರಟು ಮಾಲ್ಡೀವ್ಸ್‌ನ ದ್ವೀಪಗಳನ್ನು ಒಂದೊಂದಾಗಿ ದಾಟಿ, ಕಟ್ಟಕಡೆಯ ಅಡ್ಡು ತಲುಪಿ, ಅಲ್ಲಿಂದ ಮತ್ತೂ ದಕ್ಷಿಣಕ್ಕೆ ಐನೂರು ಕಿಲೋಮೀಟರು ಹೋದೆವು. ಮೂರು ಹಗಲು, ಮೂರು ರಾತ್ರಿ. ಸಮಭಾಜಕದ ಹತ್ತಿರ ಗಾಳಿ ಸತ್ತು ಬೀಳುತ್ತದೆ; ಹಾಯಿ ಒದ್ದೆ ಸೀರೆಯ ಹಾಗೆ ಜೋತು ಬೀಳುತ್ತದೆ. ಅಷ್ಟರಲ್ಲಿ ದಿಗಂತದಲ್ಲಿ ಒಂದು ಕಪ್ಪು ಮೋಡ ಎದ್ದು ಕಾಲು ಗಂಟೆ ಹುಚ್ಚೆದ್ದು ಸುರಿದು ಹೋಗುತ್ತದೆ. ಆ ಮಳೆಯ ನೀರನ್ನು ಪಾತ್ರೆ, ಬಕೆಟ್ಟು, ಕೊನೆಗೆ ಚಹಾದ ಲೋಟದಲ್ಲೂ ಹಿಡಿದುಕೊಂಡೆವು. ಸುತ್ತ ಲೆಕ್ಕವಿಲ್ಲದಷ್ಟು ನೀರಿದ್ದರೂ ಕುಡಿಯುವ ನೀರನ್ನು ಎಣಿಸಿಯೇ ಬದುಕಬೇಕು. ಬರದ ಸೀಮೆಯವಳಾದ ನನಗೆ ಕಡಲಿನಲ್ಲಿ ಒಗ್ಗಿದ ಮೊದಲ ಪಾಠ ಅದು.

ನಾಲ್ಕನೆಯ ದಿನ ಬೆಳಿಗ್ಗೆ ತೆಂಗಿನ ತಲೆಗಳು ಕಂಡವು. ನೆಲ ಕಾಣಲಿಲ್ಲ, ತಲೆಗಳಷ್ಟೇ, ನೀರಿನಲ್ಲಿ ನೆಟ್ಟ ಹಾಗೆ. ಅದು ಚಾಗೋಸ್ ದ್ವೀಪಸಮೂಹದ ಸಾಲೊಮನ್. ಎಂಟು ಕಿಲೋಮೀಟರು ಉದ್ದ, ಐದು ಕಿಲೋಮೀಟರು ಅಗಲದ ಒಂದು ಒಳಗಡಲು; ಅದರ ಸುತ್ತ ಹವಳದ ದಂಡೆ; ದಂಡೆಯ ಮೇಲೆ ಹನ್ನೊಂದು ಪುಟ್ಟ ದ್ವೀಪಗಳು. ಒಳಗೆ ಹೋಗಲು ಉತ್ತರಕ್ಕೆ ಒಂದೇ ಬಾಗಿಲು. ಸೂರ್ಯ ನೆತ್ತಿಯ ಮೇಲೆ ಬರುವ ತನಕ ಆ ಬಾಗಿಲ ಹೊರಗೆ ಕಾದೆವು, ಯಾಕೆಂದರೆ ಬೆಳಕು ಓರೆಯಾಗಿದ್ದರೆ ನೀರಿನೊಳಗಿನ ಹವಳದ ಬಂಡೆ ಕಾಣುವುದಿಲ್ಲ. ನಡುಹಗಲಿಗೆ ನಾನು ಕೂವೆಮರದ ಅರ್ಧಕ್ಕೆ ಹತ್ತಿ ನಿಂತೆ. ಕಡುನೀಲಿ ಅಂದರೆ ಆಳ. ಹಸಿರು ಅಂದರೆ ಮರಳು. ಕಂದು ಕಂಡರೆ ಬಂಡೆ, ಕೂಗಬೇಕು. "ಎಡಕ್ಕ, ಎಡಕ್ಕ... ಸಾಕು, ನೆಟ್ಟಗ!" ಚಕ್ಕಡಿ ಹೊಡೆಯುವವರನ್ನು ಕೂಗಿದ ಹಾಗೆ ಕೂಗಿದೆ. ನೀನು ನಮ್ಮನ್ನು ಒಳಗೆ ಬಿಟ್ಟುಕೊಂಡೆ, ತಾಯೀ. ತಳದ ಕೆಳಗೆ ಎರಡು ಆಳು ನೀರು ಕೂಡ ಇರದ ಜಾಗದಲ್ಲಿ ದೋಣಿ ತರಚಲಿಲ್ಲ. ನೈರುತ್ಯದ ಮೂಲೆಯಲ್ಲಿ ಬೊಡ್ಡಂ ಎಂಬ ದ್ವೀಪದ ಮಗ್ಗುಲಿಗೆ ಲಂಗರು ಬಿಟ್ಟೆವು. ಆಗಲೇ ಅಲ್ಲಿ ನಾಲ್ಕು ದೋಣಿಗಳಿದ್ದವು.

ಆ ನಾಲ್ಕು ದೋಣಿಯವರನ್ನು ಈಗಲೂ ದಿನಾ ನೆನೆಯುತ್ತೇನೆ. ಅವರಿಗೂ ಒಳ್ಳೆಯದು ಮಾಡು. ಫ್ರಾನ್ಸಿನ ಮುದಿ ದಂಪತಿ, ಒಬ್ಬನೇ ಕಡಲು ಸುತ್ತುವ ಜರ್ಮನಿಯವ, ಎರಡು ಮಕ್ಕಳ ದಕ್ಷಿಣ ಆಫ್ರಿಕಾದ ಸಂಸಾರ, ಸ್ವೀಡನ್ನಿನ ಇಬ್ಬರು ಗೆಳತಿಯರು. ಬೆಳಿಗ್ಗೆ ಎಂಟಕ್ಕೆ ರೇಡಿಯೋದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದೆವು: ಯಾರಿಗೆ ಜ್ವರ, ಯಾರ ಲಂಗರು ಜಾರಿತು, ಯಾರ ಬಳಿ ಈಸ್ಟ್ ಉಳಿದಿದೆ. ಅಂಗಡಿ ಇಲ್ಲದ ಊರಿನಲ್ಲಿ ಕೊಡು-ಕೊಳ್ಳು ತಾನಾಗಿ ಹುಟ್ಟುತ್ತದೆ. ಜರ್ಮನಿಯವನ ನೀರೆತ್ತುವ ಪಂಪು ಕೆಟ್ಟಾಗ ನಮ್ಮವರು ಎರಡು ದಿನ ಅದರೊಳಗೆ ತಲೆ ಹಾಕಿಕೊಂಡು ಕೂತರು. ಅವನು ನಮಗೆ ಹಾಯಿ ಹೊಲಿದುಕೊಟ್ಟ. ನಾನು ದೋಣಿಯ ಪುಟ್ಟ ಒಲೆಯಲ್ಲಿ ಜೋಳದ ರೊಟ್ಟಿ ಬಡಿದೆ. ಆ ಮಕ್ಕಳು ಈಜಿಕೊಂಡು ಬಂದು, ಒದ್ದೆ ಕೈಯಲ್ಲೇ ರೊಟ್ಟಿ ಹಿಡಿದು, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದವು. ಅಷ್ಟು ದೂರದಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದಾಗ ನನಗೆ ಅಳು ಬಂದಿತ್ತು.

ಲಂಗರಿನ ಸರಪಳಿ ಹವಳಕ್ಕೆ ಸುತ್ತಿಕೊಂಡರೆ ಹವಳವೂ ಸಾಯುತ್ತದೆ, ದೋಣಿಯೂ ಸಿಕ್ಕಿಬೀಳುತ್ತದೆ. ಅದಕ್ಕೇ ಸರಪಳಿಗೆ ಅಲ್ಲಲ್ಲಿ ತೇಲುಬುರುಡೆ ಕಟ್ಟಿ ನೆಲದಿಂದ ಎತ್ತಿ ಇಡುವುದನ್ನು ಫ್ರಾನ್ಸಿನ ಅಜ್ಜಿ ಕಲಿಸಿದರು. ದಿನಕ್ಕೊಮ್ಮೆ ನೀರಿಗಿಳಿದು ನೋಡಬೇಕು. ಹಾಗೆ ಇಳಿದಾಗ ಕಂಡದ್ದನ್ನೆಲ್ಲ ನಿನಗೆ ಹೇಳಬೇಕೇ? ನಿನ್ನ ಒಡಲು ಅದು. ಮಿದುಳಿನ ಹಾಗೆ ಸುಕ್ಕುಗಟ್ಟಿದ ಹವಳ, ಬೆನ್ನುರೆಕ್ಕೆಯ ತುದಿಗೆ ಕಾಡಿಗೆ ಹಚ್ಚಿಕೊಂಡಂಥ ಮರಿ ಶಾರ್ಕುಗಳು, ಉಸಿರಿಗೆಂದು ಮೇಲೆ ಬಂದು ನನ್ನನ್ನು ನೋಡಿ ಅವಸರವೇನೂ ಇಲ್ಲದೆ ಮುಳುಗಿದ ಆಮೆ. ದಡದ ಮೇಲೆ ಬಿಳಿ ರೀವ ಹಕ್ಕಿ ಗೂಡೇ ಕಟ್ಟದೆ ಬರಿಯ ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟಿತ್ತು. ಗಾಳಿ ಬೀಸಿದಾಗಲೆಲ್ಲ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. ಇಪ್ಪತ್ತಾರು ದಿನವೂ ಆ ಮೊಟ್ಟೆ ಬೀಳಲಿಲ್ಲ.

ನಿನ್ನ ಕೆಲಸದ ರೀತಿಯನ್ನು ಅಲ್ಲಿ ಸ್ವಲ್ಪ ಓದಿ, ಸ್ವಲ್ಪ ನೋಡಿ ತಿಳಿದುಕೊಂಡೆ. ಕಡಲಿನಲ್ಲಿ ಒಂದು ಬೆಂಕಿಬೆಟ್ಟ ಹುಟ್ಟುತ್ತದೆ. ಅದರ ಅಂಚಿಗೆ ಹವಳ ಹತ್ತಿಕೊಳ್ಳುತ್ತದೆ. ಬೆಟ್ಟ ತಣ್ಣಗಾಗಿ ಲಕ್ಷಾಂತರ ವರ್ಷ ಕುಸಿಯುತ್ತ ಹೋಗುತ್ತದೆ. ಹವಳ ಮಾತ್ರ ಬೆಳಕು ಬೇಕೆಂದು ಮೇಲೆ ಮೇಲೆ ಬೆಳೆಯುತ್ತದೆ. ಕೊನೆಗೆ ಬೆಟ್ಟ ಇರುವುದಿಲ್ಲ, ಅದರ ಸುತ್ತಿನ ಉಂಗುರ ಉಳಿಯುತ್ತದೆ. ಡಾರ್ವಿನ್ 1842ರಲ್ಲಿ ಹೀಗೆ ಬರೆದ. ಚಾಗೋಸನ್ನು ಕಣ್ಣಾರೆ ನೋಡದಿದ್ದರೂ ಅದರ ನಕಾಶೆ ಅವನ ಮುಂದಿತ್ತು. ಇಂಗ್ಲಿಷಿನವರ 'ಅಟಾಲ್' ಎಂಬ ಮಾತು ಕೂಡ ನಮ್ಮ ನೆರೆಯ ಮಾಲ್ಡೀವ್ಸ್‌ನ ದಿವೇಹಿ ಭಾಷೆಯಿಂದ ಹೋದದ್ದು.

ಆದರೆ ನನ್ನನ್ನು ಒಂದು ಇಡೀ ರಾತ್ರಿ ನಿದ್ದೆ ಮಾಡಗೊಡದ ಸಂಗತಿ ಬೇರೆಯದು. ಚಾಗೋಸಿನ ಬುಡದಲ್ಲಿ ಮುಳುಗಿರುವ ಬೆಟ್ಟ ಯಾವ ಬೆಂಕಿಯಿಂದ ಹುಟ್ಟಿತೋ, ಅದೇ ಬೆಂಕಿಯಿಂದ ನಮ್ಮ ವಿಜಾಪುರದ ಕರಿಕಲ್ಲೂ ಹುಟ್ಟಿತು. ಭೂಮಿಯ ಒಡಲಿನಲ್ಲಿ ಆ ಕಾವು ಒಂದೇ ಕಡೆ ಇತ್ತು. ಅದರ ಮೇಲೆ ನೆಲ ಉತ್ತರಕ್ಕೆ ಜರುಗುತ್ತ ಬಂತು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ನಿನ ಮೇಲೆ ಉಕ್ಕಿದ ಲಾವಾ ನಮ್ಮ ಎರಿ ಭೂಮಿಯಾಯಿತು. ಆಮೇಲೆ ಲಕ್ಷದ್ವೀಪ, ಮಾಲ್ಡೀವ್ಸ್, ಸುಮಾರು ಐದು ಕೋಟಿ ವರ್ಷದ ಹಿಂದೆ ಚಾಗೋಸ್, ಅದರಾಚೆ ಮಾರಿಷಸ್. ಈಗ ರಿಯೂನಿಯನ್ ದ್ವೀಪದಲ್ಲಿ ಆ ಬೆಂಕಿ ಇನ್ನೂ ಉರಿಯುತ್ತಿದೆ. ಗೋಲಗುಮ್ಮಟಕ್ಕೆ ಕಡಿದ ಕಲ್ಲು, ಅವ್ವ ನಿನಗೆಂದು ತೊಳೆದಿಟ್ಟ ಐದು ಕಲ್ಲು, ಬೊಡ್ಡಂ ದ್ವೀಪದ ಕೆಳಗೆ ಕತ್ತಲಲ್ಲಿ ಕೂತ ಕಲ್ಲು, ಇವೆಲ್ಲ ಒಂದೇ ಬಸಿರಿನವು. ಅಷ್ಟು ದೂರ ಹೋದೆನೆಂದುಕೊಂಡವಳು ನಿನ್ನ ಅಂಗಳದ ಇನ್ನೊಂದು ಮೂಲೆಗೆ ಬಂದಿದ್ದೆ.

ಈಗ ಬಾವಿಗೆ ಬರುತ್ತೇನೆ, ತಾಯೀ.

ಬೊಡ್ಡಂ ದಡದಿಂದ ಒಳಗೆ ಹೋಗುವ ಕಾಲುದಾರಿಯನ್ನು ದೋಣಿಯವರೇ ಕಡಿದು ಇಟ್ಟಿದ್ದರು. ಇಕ್ಕೆಲದಲ್ಲೂ ತೆಂಗು. ಆರೈಕೆಯಿಲ್ಲದ ತೆಂಗಿನ ತೋಟ ಎಷ್ಟು ಕತ್ತಲಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಿದ್ದ ಕಾಯೆಲ್ಲ ಅಲ್ಲಲ್ಲೇ ಮೊಳೆತು, ಮೊಳೆತದ್ದರ ಮೇಲೆ ಮತ್ತೆ ಬಿದ್ದು ಮೊಳೆತು, ನೆಲವೇ ಕಾಣುತ್ತಿರಲಿಲ್ಲ. ಆ ಕತ್ತಲಲ್ಲಿ ಕಲ್ಲಿನ ಗೋಡೆಗಳು. ಚಾವಣಿ ಹೋದ ಚರ್ಚು. ಒಳಗೆ ದೀಪ ಇಡುವ ಗೂಡು ಹಾಗೇ ಇದೆ. ತುಕ್ಕು ಹಿಡಿದ ಪುಟ್ಟ ಹಳಿಗಳು. ಕೊಬ್ಬರಿ ತುಂಬಿದ ಬಂಡಿಯನ್ನು ದಕ್ಕೆಗೆ ತಳ್ಳುತ್ತಿದ್ದ ಹಳಿ. ಅದರಾಚೆ ಬಾವಿ. ಹವಳದ ಕಲ್ಲಿನಿಂದ ಕಟ್ಟಿದ್ದು, ಅಂಚು ನೂರಾರು ಹಗ್ಗಗಳು ಉಜ್ಜಿ ಉಜ್ಜಿ ನುಣುಪಾಗಿತ್ತು. ನಮ್ಮೂರ ಬಾವಿಯ ಅಂಚೂ ಹಾಗೇ ಇದೆ. ಬೆರಳಿಟ್ಟು ನೋಡಿದೆ. ಒಂದೊಂದು ತಗ್ಗು ಒಂದೊಂದು ಹೆಣ್ಣಿನ ಜನ್ಮ.

ನೀರು ಮೂರೇ ಮೊಳದ ಆಳದಲ್ಲಿತ್ತು. ಸಿಹಿ ನೀರು. ಸುತ್ತ ಉಪ್ಪು ಕಡಲು, ಕೆಳಗೂ ಉಪ್ಪೇ, ನಡುವೆ ಸಿಹಿ ಹೇಗೆ ಉಳಿಯಿತೆಂದು ನಮ್ಮವರನ್ನು ಕೇಳಿದೆ. ಅವರು ಮರಳಿನಲ್ಲಿ ಚಿತ್ರ ಬರೆದು ತೋರಿಸಿದರು: ಮಳೆಯ ನೀರು ಹವಳದ ಮರಳಿನೊಳಗೆ ಇಳಿದು, ಹಗುರವಾದ್ದರಿಂದ ಉಪ್ಪು ನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಕಡಲಿನ ಮಟ್ಟಕ್ಕಿಂತ ಒಂದಡಿ ಸಿಹಿನೀರು ಮೇಲಿದ್ದರೆ, ಅದರ ನಲವತ್ತು ಪಟ್ಟು ಕೆಳಗೆ ಇರುತ್ತದೆಂದು ಒಂದು ಲೆಕ್ಕ. ಹೆಚ್ಚು ಸೇದಿದರೆ ಉಪ್ಪು ಮೇಲೇರಿ ಬಾವಿ ಕೆಡುತ್ತದೆ. ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ವರ್ಷ ಬೀಳುವ ಮಳೆಯ ಐದಾರು ಪಟ್ಟು ಅಲ್ಲಿ ಬೀಳುತ್ತದೆ. ಆದರೂ ಅಳತೆ ತಪ್ಪದೆ ಸೇದಿದವರಿದ್ದುದರಿಂದ ಆ ಬಾವಿ ತಲೆಮಾರುಗಳ ಕಾಲ ಸಿಹಿಯಾಗಿ ಉಳಿದಿತ್ತು. ಉಪ್ಪಿನ ಹೆಗಲ ಮೇಲೆ ನೀನು ಕೂತಿದ್ದೆ, ಗಂಗವ್ವಾ, ಮಗುವಿನ ಹಾಗೆ.

ದೋಣಿಯವರು ಅಲ್ಲಿ ಒಂದು ಬಕೆಟ್ಟು, ನೈಲಾನ್ ಹಗ್ಗ ಇಟ್ಟಿದ್ದರು. ಬಟ್ಟೆ ಒಗೆಯುವುದು, ತಲೆ ಸ್ನಾನ, ಕುದಿಸಿಕೊಂಡು ಕುಡಿಯುವುದು ಎಲ್ಲ ಆ ನೀರಿನಲ್ಲೇ. ತಿಂಗಳಾನುಗಟ್ಟಲೆ ಉಪ್ಪುನೀರಿನಲ್ಲಿ ಮಿಂದ ಮೈಗೆ ಮೊದಲ ಕೊಡ ನೀರು ಬಿದ್ದಾಗ ನಾನು ಜೋರಾಗಿ ನಿನ್ನ ಹೆಸರು ಕೂಗಿದೆ. ಹತ್ತನೆಯ ದಿನ ಐದು ಬಿಳಿ ಹವಳದ ಚೂರು ಆಯ್ದು ಬಾವಿಯ ಅಂಚಿಗಿಟ್ಟು, ಡಬ್ಬಿಯಲ್ಲಿದ್ದ ವಿಭೂತಿ ಹಚ್ಚಿ, ಹೆಸರುಕಾಳಿನ ಗುಗ್ಗರಿ ಎಡೆ ಮಾಡಿದೆ. ಕರಿಕಲ್ಲು ಸಿಗಲಿಲ್ಲ, ಕ್ಷಮಿಸು ಅಂದೆ. ಫ್ರಾನ್ಸಿನ ಅಜ್ಜಿ ದೂರದಲ್ಲಿ ಒಗೆದ ಬಟ್ಟೆ ಹಿಂಡುತ್ತ ನಿಂತು ನೋಡುತ್ತಿದ್ದರು. ಪೂಜೆ ಮುಗಿದ ಮೇಲೆ ಹತ್ತಿರ ಬಂದು, "ಈ ಬಾವಿ ತೋಡಿದವರು ಎಲ್ಲಿದ್ದಾರೆಂದು ಗೊತ್ತೇ ಮಗಳೇ?" ಎಂದು ಅವರ ಮುರುಕು ಇಂಗ್ಲಿಷಿನಲ್ಲಿ ಕೇಳಿದರು.

ಗೊತ್ತಿರಲಿಲ್ಲ, ತಾಯೀ. ಅಲ್ಲಿಗೆ ಹೋಗಲು ಪರವಾನಗಿ ಪಡೆದಿದ್ದೆವು. ದೋಣಿ ಮುಳುಗಿದರೆ ಅವಶೇಷ ಎತ್ತಿಸುವ ವಿಮೆ, ಕಾಯಿಲೆ ಬಿದ್ದರೆ ಸಾಗಿಸುವ ವಿಮೆ, ನಾಲ್ಕು ವಾರಕ್ಕಿಂತ ಹೆಚ್ಚು ಇರುವುದಿಲ್ಲವೆಂಬ ಸಹಿ, ರಾತ್ರಿ ದಡದಲ್ಲಿ ಮಲಗಬಾರದು, ತೆಂಗಿನ ಏಡಿ ಹಿಡಿಯಬಾರದು ಎಂಬ ಷರತ್ತು, ಇದೆಲ್ಲವನ್ನೂ ಓದಿದ್ದೆ. ಜನವಸತಿ ಇಲ್ಲ ಎಂದು ಅದರಲ್ಲಿತ್ತು. ಜನ ಹುಟ್ಟಿರದ ನೆಲ ಎಂದುಕೊಂಡಿದ್ದೆ.

ಅವರು ಹೇಳಿದ್ದನ್ನೂ, ಆಮೇಲೆ ನಾನೇ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ನಿನಗೆ ಗೊತ್ತಿಲ್ಲದ್ದೇನಲ್ಲ; ನನ್ನ ಬಾಯಿಂದ ಬರಬೇಕು, ಅದಕ್ಕೆ.

ಹದಿನೆಂಟನೇ ಶತಮಾನದ ಕೊನೆಗೆ ಫ್ರೆಂಚ್ ತೋಟಗಾರರು ಮೊಜಾಂಬಿಕ್ ಮತ್ತು ಮಡಗಾಸ್ಕರಿನಿಂದ ಗುಲಾಮರನ್ನು ತಂದು ಆ ದ್ವೀಪಗಳಲ್ಲಿ ತೆಂಗು ಹಾಕಿಸಿದರು. ಗುಲಾಮಗಿರಿ ಹೋದ ಮೇಲೆ ನಮ್ಮ ದೇಶದಿಂದಲೂ ಕೆಲವರು ಕೂಲಿಗೆ ಹೋದರು. ಐದಾರು ತಲೆಮಾರಿನಲ್ಲಿ ಅವರೆಲ್ಲ ಒಂದೇ ಜನವಾದರು, ತಮ್ಮದೇ ಕ್ರಿಯೋಲ್ ಆಡಿದರು, ತಮ್ಮದೇ ಹಾಡು ಕಟ್ಟಿದರು. ಆಡಳಿತ ಬ್ರಿಟಿಷರದ್ದು, ಮಾರಿಷಸ್ಸಿನ ಮೂಲಕ. 1965ರ ನವೆಂಬರಿನಲ್ಲಿ, ಮಾರಿಷಸ್ಸಿಗೆ ಸ್ವಾತಂತ್ರ್ಯ ಸಿಗುವ ಮೊದಲೇ, ಈ ದ್ವೀಪಗಳನ್ನು ಬ್ರಿಟನ್ ಕತ್ತರಿಸಿ ಬೇರೆಯಿಟ್ಟುಕೊಂಡಿತು. ಡಿಯೆಗೊ ಗಾರ್ಸಿಯಾ ದ್ವೀಪ ಅಮೆರಿಕದ ಸೈನ್ಯಕ್ಕೆ ಬೇಕಿತ್ತು. ಬರಿದಾದ ದ್ವೀಪ ಬೇಕಿತ್ತು. ಆಸ್ಪತ್ರೆಗೆಂದು ಮಾರಿಷಸ್ಸಿಗೆ ಹೋದವರಿಗೆ ವಾಪಸು ಹೋಗಲು ಹಡಗಿಲ್ಲ ಎಂದರು. ಚಾಗೋಸಿನದೇ ಪೆರೋಸ್ ಬಾನ್ಯೋಸ್ ದ್ವೀಪಗಳಲ್ಲಿ ಹುಟ್ಟಿದ ಒಲಿವಿಯೆ ಬಾಂಕುಲ್ ಅವರಿಗೆ ಆಗ ನಾಲ್ಕು ವರ್ಷ. ತಂಗಿಯ ಚಿಕಿತ್ಸೆಗೆಂದು ಅವ್ವನ ಜತೆ ಬಂದವರು ಅಲ್ಲೇ ಉಳಿಯಬೇಕಾಯಿತು. 1971ರಲ್ಲಿ ಡಿಯೆಗೊ ಗಾರ್ಸಿಯಾ ಬರಿದು ಮಾಡಿದರು. ಅವರ ನಾಯಿಗಳನ್ನು ಕೊಬ್ಬರಿ ಒಣಗಿಸುವ ಮನೆಯೊಳಗೆ ಕೂಡಿ, ವಾಹನಗಳ ಹೊಗೆ ಬಿಟ್ಟು ಕೊಂದರು. 1972ರಲ್ಲಿ ಈ ಸಾಲೊಮನ್. 1973ರಲ್ಲಿ ಪೆರೋಸ್ ಬಾನ್ಯೋಸ್. ಎಲ್ಲ ಸೇರಿ ಒಂದೂವರೆಯಿಂದ ಎರಡು ಸಾವಿರ ಜನ. ಕೈಗೆ ಒಂದು ಪೆಟ್ಟಿಗೆ. ಮಾರಿಷಸ್ಸಿನ, ಸೇಶೆಲ್ಸಿನ ದಕ್ಕೆಯಲ್ಲಿ ಇಳಿಸಿ ಹೋದರು.

ಬೇರೆಲ್ಲವನ್ನೂ ಬೇಗ ಹೇಳಿಬಿಟ್ಟೆ, ನಾಯಿಗಳದ್ದು ಬರೆಯುವಾಗ ಕೈ ನಿಂತಿತು. ನಮ್ಮವ್ವನ ತವರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರು. ಪುನರ್ವಸತಿ ಕೇಂದ್ರಕ್ಕೆ ಹೋಗುವ ದಿನ ಸೋದರಮಾವನ ನಾಯಿ ಟ್ರ್ಯಾಕ್ಟರು ಹತ್ತದೆ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟಿತ್ತು. ಮಾವ ಮರುದಿನ ಹೋಗಿ ಹೆಗಲ ಮೇಲೆ ಹೊತ್ತು ತಂದ. ಅವನಿಗೆ ಹೋಗಿ ತರುವಷ್ಟಾದರೂ ಅವಕಾಶವಿತ್ತು.

ಚರ್ಚಿನ ಹಿಂದೆ ಗೋರಿಗಳಿದ್ದವು. 2006ರ ಏಪ್ರಿಲಿನಲ್ಲಿ ಸುಮಾರು ನೂರು ಮಂದಿ ಚಾಗೋಸಿಗರನ್ನು ಒಂದು ಹಡಗಿನಲ್ಲಿ ಕರೆತಂದು ಹಿರಿಯರ ಗೋರಿ ನೋಡಿ ಹೋಗಲು ಬಿಟ್ಟಿದ್ದರಂತೆ. ಅವರು ಅಂದು ಗೋರಿ ಗುಡಿಸಿ, ಹೂ ಇಟ್ಟು ಹೋಗಿದ್ದರು. ನಾನು ಹೋಗುವಷ್ಟರಲ್ಲಿ ಮತ್ತೆ ಬಳ್ಳಿ ಹಬ್ಬಿತ್ತು. ಹೆಸರು ಓದೋಣವೆಂದು ಬಳ್ಳಿ ಸರಿಸಿದೆ. ಮಳೆ ಅಕ್ಷರಗಳನ್ನು ತಿಂದುಬಿಟ್ಟಿತ್ತು. ಒಂದು ಕಲ್ಲಿನ ಮೇಲೆ 18 ಎಂದು ಎರಡಂಕಿ ಮಾತ್ರ ಬೆರಳಿಗೆ ಸಿಕ್ಕಿತು, ಮುಂದಿನದು ಇಲ್ಲ. ಒಂದು ದೊಡ್ಡ ತೆಂಗಿನ ಏಡಿ ಆ ಕಲ್ಲಿನ ಮಗ್ಗುಲಲ್ಲಿ ಮನೆ ಮಾಡಿಕೊಂಡಿತ್ತು. ನಾಲ್ಕು ಕಿಲೋದವರೆಗೂ ತೂಗುವ, ಅರವತ್ತು ವರ್ಷ ಬಾಳಬಲ್ಲ ಜೀವ ಅದು. ಆ ಏಡಿ ಅಷ್ಟು ಹಳೆಯದಾಗಿದ್ದರೆ ಆ ಜನರನ್ನು ನೋಡಿರುತ್ತದೆ. ನನಗಿಂತ ಅದಕ್ಕೇ ಅವರು ಹೆಚ್ಚು ಪರಿಚಿತರು.

ಅದಾದ ಮೇಲೂ ನಾನು ನೀರು ಸೇದಿದೆ. ಇದನ್ನೇ ಒಪ್ಪಿಸಿಕೊಳ್ಳಬೇಕಾದದ್ದು. ತಿಳಿಯದ ಹತ್ತು ದಿನದ ನೀರಿಗೆ ಮನ್ನಾ ಇದ್ದೀತು. ತಿಳಿದ ಮೇಲಿನ ಹದಿನಾರು ದಿನ? ಕಾವಲು ಹಡಗಿನ ಅಧಿಕಾರಿ ಒಂದು ದಿನ ರಬ್ಬರ್ ದೋಣಿಯಲ್ಲಿ ಬಂದು ಪರವಾನಗಿ ನೋಡಿ, ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿ, ಮರ್ಯಾದೆಯಿಂದ ಮಾತಾಡಿ ಹೋದ. ಆ ಠಸ್ಸೆಯ ಮೇಲೆ ಆಮೆಯ ಚಿತ್ರವೋ ಸಿಂಹದ ಚಿತ್ರವೋ ನೆನಪಿಲ್ಲ. ನನ್ನ ಕೈ ನಡುಗಿದ್ದು ನೆನಪಿದೆ. ವಿಜಾಪುರ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಈ ದಡದಲ್ಲಿ ಬಟ್ಟೆ ಒಣಗಿಸಲು ಒಪ್ಪಿಗೆ ಸಿಕ್ಕಿತ್ತು. ಈ ದಡದಲ್ಲೇ ಹುಟ್ಟಿದವರಿಗೆ ಇರಲಿಲ್ಲ. ಒಲಿವಿಯೆ ಬಾಂಕುಲ್ ಹೂಡಿದ ದಾವೆಯಲ್ಲಿ 2000ದಲ್ಲಿ ಲಂಡನ್ನಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತ್ತು. 2004ರಲ್ಲಿ ರಾಣಿಯ ಆಜ್ಞೆಯ ಹೆಸರಿನಲ್ಲಿ ಆ ಬಾಗಿಲನ್ನು ಮತ್ತೆ ಮುಚ್ಚಿದರು. 2008ರಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಪೀಠದಲ್ಲಿ ಅವರು ಸೋತರು, ಐವರಲ್ಲಿ ಮೂವರ ಮತದಿಂದ. ಒಂದೇ ಮತ, ತಾಯೀ.

ಹವಳದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2010ರ ಏಪ್ರಿಲ್ 1ರಂದು ಚಾಗೋಸಿನ ಸುತ್ತಲಿನ ಕಡಲನ್ನೆಲ್ಲ, ಆರು ಲಕ್ಷ ನಲವತ್ತು ಸಾವಿರ ಚದರ ಕಿಲೋಮೀಟರಿನಷ್ಟನ್ನು, ನಮ್ಮ ಇಡೀ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದನ್ನು, ಸಂರಕ್ಷಿತ ಪ್ರದೇಶವೆಂದು ಸಾರಿದ್ದರು. ಮೀನುಗಾರಿಕೆ ಬಂದ್. ಹೋಗುವ ಮುಂಚೆ ಅದನ್ನು ಓದಿ ನಾನು ಹಿಗ್ಗಿದ್ದೆ. ನಿನ್ನ ಒಡಲಿನಲ್ಲಿ ಒಂದು ಮೂಲೆಯಾದರೂ ಬಲೆ ಬೀಳದೆ ಉಳಿಯಲಿ ಎಂದು ಈಗಲೂ ಬೇಡುತ್ತೇನೆ. ಆದರೆ ಆ ಘೋಷಣೆಯಿಂದ ಊರಿನವರು ಮರಳಿ ಬರುವುದು ಕಷ್ಟವಾಗುತ್ತದೆಂದು ಒಬ್ಬ ಅಧಿಕಾರಿ ಮೊದಲೇ ಹೇಳಿದ್ದ ಗುಟ್ಟಿನ ಪತ್ರ ಆಮೇಲೆ ಹೊರಬಿತ್ತು. 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯಿತಿಯೊಂದು ಆ ಘೋಷಣೆ ಕಾನೂನಿಗೆ ಸರಿಯಾಗಿಲ್ಲವೆಂದಿತು. ಎರಡು ಶತಮಾನ ಅದೇ ಹವಳದ ಮೇಲೆ ನಡೆದು, ಗಾಳದಲ್ಲಿ ಊಟಕ್ಕಷ್ಟೇ ಮೀನು ಹಿಡಿದ ಜನ ನಿನ್ನನ್ನು ಕೆಡಿಸಿರಲಿಲ್ಲ. ಹವಳವನ್ನು ನಿಜವಾಗಿ ಸುಟ್ಟದ್ದು ಕಾವೇರಿದ ಕಡಲು. 1998ರಲ್ಲಿ ಬೆಳ್ಳಗಾಗಿ ಸತ್ತ ಹವಳ ಹತ್ತು ವರ್ಷದಲ್ಲಿ ಚೇತರಿಸಿಕೊಂಡಿತ್ತು. ನಾವು ನೋಡಿದ್ದು ಆ ಚೇತರಿಕೆಯನ್ನು. ನಾವು ಬಂದ ಎರಡು ವರ್ಷಕ್ಕೆ, 2015 ಮತ್ತು 2016ರಲ್ಲಿ ಬೆನ್ನುಬೆನ್ನಿಗೆ ಕಡಲು ಕಾದು ಅದರ ದೊಡ್ಡ ಪಾಲು ಸತ್ತುಹೋಯಿತೆಂದು ಓದಿ ಊಟ ಸೇರಲಿಲ್ಲ. ಯಾವ ಕಾವಲು ಹಡಗೂ ಆ ಕಾವನ್ನು ತಡೆಯಲಿಲ್ಲ.

ಇನ್ನು ನನ್ನ ದೊಡ್ಡ ತಪ್ಪು.

ಜೂನಿನಲ್ಲಿ ಆಗ್ನೇಯದ ಗಾಳಿ ಕಟ್ಟಿಕೊಂಡಿತು. ಹೊರಟೆವು. ಹನ್ನೆರಡು ದಿನ ಆ ಗಾಳಿಗೆ ಮೈಯೊಡ್ಡಿ ಮಾರಿಷಸ್ ತಲುಪಿ ಪೋರ್ಟ್ ಲೂಯಿಯ ಕೋಡಾನ್ ದಕ್ಕೆಯಲ್ಲಿ ದೋಣಿ ಕಟ್ಟಿದೆವು. ಅಲ್ಲಿಂದ ಕ್ಯಾಸಿಸ್ ಕೇರಿಗೆ ನಡೆದುಹೋಗಬಹುದು. ಚಾಗೋಸಿನ ಅನೇಕ ಸಂಸಾರಗಳು ಬಿದ್ದದ್ದು, ಬೆಳೆದದ್ದು ಅಲ್ಲೇ. ಫ್ರಾನ್ಸಿನ ಅಜ್ಜಿ ಒಂದು ಮನೆಯ ವಿಳಾಸ ಬರೆದು ಕೊಟ್ಟಿದ್ದರು: ಬೊಡ್ಡಂನಲ್ಲಿ ಹುಟ್ಟಿದ ಒಬ್ಬ ಮುದುಕಿ, ಹೋಗಿ ಮಾತಾಡಿಸು, ಬಾವಿಯ ಸುದ್ದಿ ಹೇಳು ಎಂದು. ನನ್ನ ಬಳಿ ಒಂದು ಬಾಟಲಿ ಬಾವಿಯ ನೀರೂ ಇತ್ತು.

ಎರಡು ವಾರ ಇದ್ದೆವು. ನಾನು ಹೋಗಲಿಲ್ಲ.

ಒಂದು ದಿನ ಹೊರಟು ಅರ್ಧ ದಾರಿಯಿಂದ ತಿರುಗಿದೆ. ನಮ್ಮವರು, "ಯಾಕ, ಏನಾತು?" ಅಂದರು. "ಏನಂತ ಹೇಳ್ಲಿ ರೀ? ನಿಮ್ಮ ಬಾವ್ಯಾಗ ನಮ್ಮ ಅರಿವಿ ಒಗದು ಬಂದೇನಿ ಅಂತ ಹೇಳ್ಲೇನು?" ಅಂದೆ. ಅವರು ಮಾತಾಡಲಿಲ್ಲ. ಮತ್ತೊಂದು ದಿನ ಬಾಟಲಿ ಚೀಲಕ್ಕೆ ಹಾಕಿಕೊಂಡು ಕೇರಿಯ ತುದಿಯವರೆಗೆ ಹೋದೆ. ತಗಡಿನ ಮನೆಗಳು, ಒಂದು ಬಾಗಿಲಲ್ಲಿ ಒಬ್ಬಾಕೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ತಲೆ ಎತ್ತಿ ನೋಡಿ ನಕ್ಕಳು. ಅವಳೇ ಆಕೆಯೋ, ಬೇರೆ ಯಾರೋ. ನಾನೂ ನಕ್ಕು ಮುಂದೆ ನಡೆದುಬಿಟ್ಟೆ. ಒಬ್ಬರ ನೆಲವನ್ನು ಅವರಿಗಿಂತ ಇತ್ತೀಚೆಗೆ ನೋಡಿ ಬಂದವಳು ಅವರ ಮುಂದೆ ಯಾವ ಮುಖ ಹೊತ್ತು ನಿಲ್ಲಬೇಕು ಎನ್ನುವ ಹೆದರಿಕೆ ನನ್ನನ್ನು ದಾಟಗೊಡಲಿಲ್ಲ. ಅವರ ಕ್ರಿಯೋಲಿನಲ್ಲಿ 'ಸಾಗ್ರೆನ್' ಎಂಬ ಮಾತಿದೆಯಂತೆ. ಊರು ಕಳೆದುಕೊಂಡ ಕೊರಗು. ಅದರಿಂದ ಜನ ಸಾಯುತ್ತಾರೆಂದು ಅವರು ನಂಬುತ್ತಾರೆ. ನಮ್ಮವ್ವನಿಗೆ ಯಾರೂ ಅನುವಾದಿಸಿ ಹೇಳಬೇಕಾಗಿರಲಿಲ್ಲ. ತವರು ಮುಳುಗಿದ ಮೇಲೆ ಆಕೆ ಗಂಗಿ ಪೂಜೆಯ ದಿನ ನದಿಯ ಕಡೆಗೆ ಮುಖ ಮಾಡಿ ಕೂರುತ್ತಿದ್ದಳು.

ಆ ಬಾಟಲಿಯ ನೀರನ್ನು ಪೋರ್ಟ್ ಲೂಯಿಯ ಬಂದರಿಗೆ ಸುರಿದೆ. ಯಾರ ಹೆಸರೂ ಹೇಳದೆ ಸುರಿದೆ. ಅದು ನಿನಗೆ ಮುಟ್ಟಿರಲಾರದು.

ಆಮೇಲಿನದನ್ನೆಲ್ಲ ಊರಲ್ಲಿ ಕೂತು, ಪತ್ರಿಕೆಯಲ್ಲಿ, ಮೊಬೈಲಿನಲ್ಲಿ ಹಿಂಬಾಲಿಸಿದೆ. 2018ರ ಸೆಪ್ಟೆಂಬರಿನಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಲಿಜ್ಬಿ ಎಲಿಜೆ ಎಂಬ ತಾಯಿಯ ಮಾತು ಕೇಳಿಸಿತು. ಪೆರೋಸ್ ಬಾನ್ಯೋಸ್‌ನಲ್ಲಿ ಹುಟ್ಟಿದವರು. ಹಡಗು ಹತ್ತಿಸಿದಾಗ ನಾಲ್ಕು ತಿಂಗಳ ಬಸುರಿ. ಆ ಮಗು ಹುಟ್ಟುತ್ತಲೇ ತೀರಿಹೋಯಿತೆಂದು ತಮ್ಮ ಭಾಷೆಯಲ್ಲಿ ಹೇಳಿದರು. ನಾನು ಅದನ್ನು ಮೂರು ಸಲ ಕೇಳಿದೆ. ಭಾಷೆ ಬಾರದಿದ್ದರೂ ಎಲ್ಲಿ ದನಿ ಒಡೆಯುತ್ತದೆಂದು ಗೊತ್ತಾಗುತ್ತಿತ್ತು. 2019ರ ಫೆಬ್ರುವರಿ 25ರಂದು ಆ ನ್ಯಾಯಾಲಯ, ಹದಿಮೂರು ಮಂದಿ ಒಂದು ಕಡೆ, ಒಬ್ಬರು ಒಂದು ಕಡೆಯಾಗಿ, ಬ್ರಿಟನ್ ಆದಷ್ಟು ಬೇಗ ಆ ದ್ವೀಪಗಳ ಆಡಳಿತ ಬಿಟ್ಟುಕೊಡಬೇಕೆಂದು ಅಭಿಪ್ರಾಯ ಕೊಟ್ಟಿತು. 2022ರ ಫೆಬ್ರುವರಿಯಲ್ಲಿ ಮಾರಿಷಸ್ ಕಳಿಸಿದ ಹಡಗಿನಲ್ಲಿ ಐವರು ಚಾಗೋಸಿಗರು ಯಾರ ಅಪ್ಪಣೆಯನ್ನೂ ಕೇಳದೆ ಪೆರೋಸ್ ಬಾನ್ಯೋಸ್‌ನ ದಡಕ್ಕೆ ಇಳಿದರು. ಇಳಿದವರೇ ಮೊಣಕಾಲೂರಿ ಮರಳಿಗೆ ಮುತ್ತಿಟ್ಟರಂತೆ. 2025ರ ಮೇ 22ರಂದು ದ್ವೀಪಗಳನ್ನು ಮಾರಿಷಸ್ಸಿಗೆ ಒಪ್ಪಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಡಿಯೆಗೊ ಗಾರ್ಸಿಯಾ ಮಾತ್ರ 99 ವರ್ಷ ಸೈನ್ಯಕ್ಕೇ. ನಮ್ಮನ್ನು ಕೇಳದೆ ನಮ್ಮ ಮನೆಯ ವ್ಯವಹಾರ ಮಾಡಿದರು ಎಂದು ಚಾಗೋಸಿಗರಲ್ಲೇ ಹಲವರು ನೊಂದುಕೊಂಡಿದ್ದಾರೆ. ಅವರ ನೋವು ನ್ಯಾಯವಾದದ್ದು. ಎರಡು ಸರ್ಕಾರಗಳ ಸಹಿಯಿಂದ ಕೊಡದ ತಳ ಇನ್ನೂ ಬಾವಿಯ ನೀರು ಮುಟ್ಟಿಲ್ಲ.

ಗಂಗವ್ವಾ, ಈಗ ಬೇಡಿಕೊಳ್ಳುತ್ತೇನೆ. ನನಗಾಗಿ ಒಂದೇ ಬೇಡಿಕೆ: ಮೊರ ಹಿಡಿದು ನಕ್ಕ ಆ ತಾಯಿ ಇನ್ನೂ ಇದ್ದರೆ, ನನ್ನ ಕಾಲಿಗೆ ಅಲ್ಲಿಯವರೆಗೆ ಹೋಗುವ ಬಲ ಕೊಡು, ಈ ಸಲ ಹೆಸರು ಕೇಳಿಯೇ ಬರುತ್ತೇನೆ. ಉಳಿದದ್ದೆಲ್ಲ ಅವರಿಗಾಗಿ. ಅವರು ಹೋಗುವ ಹೊತ್ತಿಗೆ ಕಡಲು ಏರಿ ಬಾವಿಯನ್ನು ಉಪ್ಪು ಮಾಡದಿರಲಿ. ಮಳೆಗಳು ತಪ್ಪದಿರಲಿ. ಉಪ್ಪಿನ ಹೆಗಲ ಮೇಲೆ ನೀನು ಕೂತಲ್ಲೇ ಕೂತಿರು, ಇಳಿಯಬೇಡ. ಮುದುಕರಾದವರನ್ನು ಇನ್ನೂ ಸ್ವಲ್ಪ ಕಾಲ ಗಟ್ಟಿಯಾಗಿಡು, ಯಾಕೆಂದರೆ ಬಾವಿ ಎಲ್ಲಿದೆ, ಯಾವ ಗೋರಿ ಯಾರದು ಎಂದು ತೋರಿಸುವವರು ಅವರೇ. ಮಳೆ ತಿಂದ ಅಕ್ಷರಗಳನ್ನು ಅವರು ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಬರಿಯ ಕೊಂಬೆಯ ಮೇಲಿನ ಮೊಟ್ಟೆಯನ್ನು ಕಾದವಳು ನೀನು.

ಹೊರಡುವ ದಿನ ಬಾವಿಯ ಬಕೆಟ್ಟನ್ನು ತೊಳೆದು, ಇಲಿ ಬೀಳದ ಹಾಗೆ ಅಂಚಿನ ಮೇಲೆ ಬೋರಲು ಹಾಕಿದೆ. ಹಗ್ಗ ಸುತ್ತಿ ತೆಂಗಿನ ಬುಡಕ್ಕೆ ತೂಗಿಹಾಕಿದೆ. ಐದು ಬಿಳಿ ಕಲ್ಲುಗಳನ್ನು ತೆಗೆಯಲಿಲ್ಲ. ಆ ಹಗ್ಗ ಈಗ ಬಿಸಿಲಿಗೆ ಪುಡಿಯಾಗಿರುತ್ತದೆ. ಇರಲಿ. ಅವರು ಬರುವಾಗ ತಮ್ಮ ಹಗ್ಗ ತರುತ್ತಾರೆ.